ಕೃಷ್ಣ ಅಯ್ಯರ್ ತೀರಿಕೊಂಡ ರಾತ್ರಿ ಅಪ್ಪ ಸ್ನಾನ ಮಾಡಿದ್ದು ಯಾಕೆ? ಹಳೆ ತೀರ್ವೆ (ಭೂಕಂದಾಯ) ರಸೀದಿಯ ಬಗ್ಗೆ ಒಂದು ಪ್ರಶ್ನೆ

ಗುಮಾಸ್ತರ ಮಗಳು, ಬದಿಯಡ್ಕ

ನಮಸ್ಕಾರ. ಇಲ್ಲಿ ಕಾಸರಗೋಡಿನ ವಕೀಲರು, ಹಳೆ ಕೋರ್ಟು ಕಂಡವರು ಇದ್ದೀರಿ ಎಂಬ ಧೈರ್ಯದಲ್ಲಿ ಬರೆಯುತ್ತಿದ್ದೇನೆ. ಪ್ರಶ್ನೆ ಸಣ್ಣದು, ಹಿಂದಿನ ಕತೆ ಸ್ವಲ್ಪ ಉದ್ದ ಉಂಟು.

ನನ್ನ ಅಪ್ಪ ಕಾಸರಗೋಡಿನಲ್ಲಿ ಒಬ್ಬರೇ ವಕೀಲರ ಹತ್ತಿರ 38 ವರ್ಷ ಗುಮಾಸ್ತರಾಗಿದ್ದರು. ಬೆಳಿಗ್ಗೆ ಏಳೂವರೆಯ ಬಸ್ಸು, ಕಂಕುಳಲ್ಲಿ ಕೆಂಪು ದಾರ ಕಟ್ಟಿದ ಕಟ್ಟು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಬರವಣಿಗೆಗೆ ಕನ್ನಡ. 1956ಕ್ಕಿಂತ ಹಿಂದಿನ ದಸ್ತಾವೇಜು ಯಾರ ಆಫೀಸಿಗೆ ಬಂದರೂ ಅಪ್ಪನಿಗೆ ಕರೆ ಬರುತ್ತಿತ್ತು. ಮೂಲಗೇಣಿ ಎಂದರೇನು, ಚಾಲಗೇಣಿ ಎಂದರೇನು, ಕುಮ್ಕಿ ಯಾವುದು, ವರ್ಗ ಯಾವುದು ಎಂದು ಜಮೀನಿನ ಹಕ್ಕಿನ ಹಳೆ ಶಬ್ದಗಳನ್ನು ಕನ್ನಡ ಓದಲು ಬಾರದ ವಕೀಲರಿಗೆ ಬಿಡಿಸಿ ಹೇಳಬೇಕಿತ್ತು. ಅದಕ್ಕೆ ಅಪ್ಪ ದುಡ್ಡು ತೆಗೆದುಕೊಂಡದ್ದಿಲ್ಲ.

ಅಪ್ಪನಿಗೆ ಒಂದು ನೋವು ಕೊನೆಯವರೆಗೂ ಇತ್ತು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, ಆಗ ಅವರಿಗೆ ಹತ್ತು ವರ್ಷ. ಅಲ್ಲಿಯವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರೇ ನಮ್ಮ ದೊಡ್ಡ ಕೋರ್ಟು. ಆಮೇಲೆ ಅಪೀಲು ಹಾಕಬೇಕಾದರೆ ತಲಶ್ಶೇರಿಗೆ ಹೋಗಬೇಕಾಯಿತು. 1967ರಲ್ಲಿ ಮಹಾಜನ ವರದಿ ಬಂದು ಚಂದ್ರಗಿರಿ ಹೊಳೆಯ ಬಡಗು ದಿಕ್ಕು ಕರ್ನಾಟಕಕ್ಕೆ ಎಂದಾಗ ಊರಿಡೀ ಸಿಹಿ ಹಂಚಿದ್ದರಂತೆ. ಅದೂ ಆಗಲಿಲ್ಲ. "ನಮ್ಮನ್ನು ಕೇಳಿ ಮಾಡಿದ್ದಲ್ಲ" ಎನ್ನುವ ಮಾತು ಅಪ್ಪನ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ.

ಇನ್ನು 2014ರ ಡಿಸೆಂಬರ್ 4. ನಾನು ಬಾಣಂತನಕ್ಕೆ ತವರಿಗೆ ಬಂದಿದ್ದೆ. ಸಂಜೆ ಟಿವಿಯಲ್ಲಿ ಸುದ್ದಿ ಬಂತು: ಸುಪ್ರೀಂ ಕೋರ್ಟಿನಲ್ಲಿದ್ದ ಜಸ್ಟಿಸ್ ವಿ. ಆರ್. ಕೃಷ್ಣ ಅಯ್ಯರ್ ಕೊಚ್ಚಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ನೂರು ತುಂಬಿ ಮೂರು ವಾರವೂ ಆಗಿರಲಿಲ್ಲ. ನನಗೆ ಅದೊಂದು ಸುದ್ದಿ ಅಷ್ಟೆ. ತುಂಬಿದ ವಯಸ್ಸು, ಕಾಯಿಲೆಯಲ್ಲಿ ಹೋದರು, ಹಣ್ಣೆಲೆ ಉದುರಿದ ಹಾಗೆ. ಅಪ್ಪ ಟಿವಿ ಆರಿಸಿದರು. ಅಂಗಿ ತೆಗೆದು ಗೂಟಕ್ಕೆ ಹಾಕಿದರು. ಬಾವಿಕಟ್ಟೆಗೆ ಹೋಗಿ ಆ ಚಳಿಯಲ್ಲಿ ಕೊಡಪಾನದಿಂದ ತಲೆಗೆ ನೀರು ಹೊಯ್ದುಕೊಂಡರು. ಹತ್ತಿರದ ಸಂಬಂಧಿಕರು ಹೋದ ಸುದ್ದಿ ಬಂದಾಗ ಮಾಡುತ್ತೇವಲ್ಲ, ಹಾಗೆ.

ಅಮ್ಮ ಗಾಬರಿಯಾಗಿ "ಯಾರು ಹೋದದ್ದು?" ಎಂದು ಕೇಳಿದರು.

"ನಮ್ಮವರೊಬ್ಬರು" ಎಂದರು. ಅಷ್ಟೇ. ಮರುದಿನ ಪೇಟೆಗೆ ನಡೆದು ಒಂದು ಕನ್ನಡ ಪೇಪರು, ಒಂದು ಮಲಯಾಳ ಪೇಪರು ತಂದರು. ಮಧ್ಯಾಹ್ನದವರೆಗೆ ಊಟಕ್ಕೆ ಏಳಲಿಲ್ಲ.

ಅಪ್ಪ 2019ರಲ್ಲಿ ಹೋದರು. ಕಳೆದ ತಿಂಗಳು ಮನೆಯ ಹಂಚು ತೆಗೆಸುವಾಗ ಅಟ್ಟದ ಪೆಟ್ಟಿಗೆ ಇಳಿಸಿದೆವು. ಒಂದು ಕಂದು ಲಕೋಟೆಯಲ್ಲಿ ಮೂರು ವಸ್ತು ಸಿಕ್ಕಿದವು. ಒಂದು, ಆ ದಿನದ ಪೇಪರಿನ ತುಂಡು. ಎರಡು, ಅಪ್ಪನ ಅಕ್ಷರದಲ್ಲಿ ಅರ್ಧ ಹಾಳೆ: "ಮೋತಿ ರಾಮ್, 24-8-1978. ಕನ್ನಡಿಗ ಎಂದು ಬರೆದಿದ್ದಾರೆ." ಕೊನೆಯ ಸಾಲಿನ ಕೆಳಗೆ ಎರಡು ಗೆರೆ. ಮೂರು, ನಮ್ಮ ಮನೆಯ 22 ಸೆಂಟ್ ಜಾಗದ 1978–79ರ ತೀರ್ವೆ ರಸೀದಿ. ಅದರ ಬೆನ್ನಿಗೆ ಕೋರ್ಟಿನ ಒಂದು ದುಂಡು ಮೊಹರು, ಶಾಯಿ ಹರಡಿ ಊರಿನ ಹೆಸರು ಕಾಣುವುದಿಲ್ಲ, ಆದರೆ ಅಕ್ಷರ ಕನ್ನಡ. ಪಕ್ಕದಲ್ಲಿ ಒಂದು ನಂಬರು, ಒಂದು ಸಹಿ.

ನಮ್ಮ ಜಾಗದ ರಸೀದಿ ಗಡಿಯಾಚೆಯ ಕೋರ್ಟಿಗೆ ಹೋದದ್ದು ಯಾಕೆ? ಮೋತಿ ರಾಮ್ ಯಾರು? ಪಾಲಕ್ಕಾಡಿನಲ್ಲಿ ಹುಟ್ಟಿ, ತಲಶ್ಶೇರಿಯಲ್ಲಿ ವಕೀಲಿ ಮಾಡಿ, 1957ರ ಮೊದಲ ಕೇರಳ ಸರ್ಕಾರದಲ್ಲಿ ಮಂತ್ರಿಯಾದವರು ನನ್ನ ಅಪ್ಪನಿಗೆ "ನಮ್ಮವರು" ಆದದ್ದು ಹೇಗೆ? ಅಮ್ಮನನ್ನು ಕೇಳಿದರೆ "ನಿನ್ನ ಅಪ್ಪ ಕೋರ್ಟಿನ ಸುದ್ದಿ ಹೊಸ್ತಿಲೊಳಗೆ ತರುತ್ತಿರಲಿಲ್ಲ" ಎನ್ನುತ್ತಾರೆ.

ಗೊತ್ತಿದ್ದವರು ದಯವಿಟ್ಟು ಹೇಳಿ.

ವಿದ್ಯಾನಗರ ವಕೀಲ

ಅಕ್ಕ, ನೀವು ಬರೆದದ್ದು ಓದಿ ನಾನು ಆಫೀಸಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿಮ್ಮ ತಂದೆಯವರನ್ನು ನಾನು ಕಂಡಿಲ್ಲ, ನಾನು ಸನ್ನದು ತೆಗೆದುಕೊಂಡದ್ದು ಅವರು ನಿವೃತ್ತರಾದ ಮೇಲೆ. ಆದರೆ ಆ ಅರ್ಧ ಹಾಳೆಯ ಒಂದು ಸಾಲು ನನಗೆ ಚೆನ್ನಾಗಿ ಅರ್ಥವಾಯಿತು.

ಮೋತಿ ರಾಮ್ ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವ, ಬಡವ. ಒಂದು ಕ್ರಿಮಿನಲ್ ಕೇಸಿನಲ್ಲಿ ಜೈಲು ಸೇರಿದ್ದ. ಸುಪ್ರೀಂ ಕೋರ್ಟು ಜಾಮೀನು ಕೊಟ್ಟಿತು, ಮೊತ್ತ ಎಷ್ಟು ಎಂಬುದನ್ನು ಅಲ್ಲಿಯ ಮ್ಯಾಜಿಸ್ಟ್ರೇಟರಿಗೆ ಬಿಟ್ಟಿತು. ಅವರು 10,000 ರೂಪಾಯಿಯ ಜಾಮೀನು ಕೇಳಿದರು. 1978ರಲ್ಲಿ ಒಬ್ಬ ಗಾರೆಯವನಿಗೆ 10,000 ಎಂದರೆ ಬಾಗಿಲು ಹಾಕಿ ಬೀಗ ಜಡಿದ ಹಾಗೆಯೇ. ಅವನ ತಮ್ಮನೋ ಅಣ್ಣನೋ ಜಾಮೀನು ನಿಲ್ಲಲು ಬಂದ. ಅದನ್ನೂ ತಳ್ಳಿಹಾಕಿದರು. ಕಾರಣ, ಅವನ ಆಸ್ತಿ ಇದ್ದದ್ದು ಬೇರೆ ಜಿಲ್ಲೆಯಲ್ಲಿ.

ಅವನು ಮತ್ತೆ ಸುಪ್ರೀಂ ಕೋರ್ಟಿಗೆ ಬಂದ. ತೀರ್ಪು ಬರೆದವರು ಕೃಷ್ಣ ಅಯ್ಯರ್, ಜೊತೆಗಿದ್ದವರು ಜಸ್ಟಿಸ್ ಡಿ. ಎ. ದೇಸಾಯಿ. 1978ರ ಆಗಸ್ಟ್ 24. ಅವನದೇ ಮುಚ್ಚಳಿಕೆಯ ಮೇಲೆ, 1,000 ರೂಪಾಯಿಗೆ ಬಿಡಿ ಎಂದರು. ಬೇರೆ ಜಿಲ್ಲೆ ಎಂಬ ಮಾತಿಗೆ ಅವರು ಕೇಳಿದ ಪ್ರಶ್ನೆ ಏನೆಂದರೆ: ಒಬ್ಬ ಮಲಯಾಳಿ, ಒಬ್ಬ ಕನ್ನಡಿಗ, ತಮಿಳ, ತೆಲುಗಿನವ ಬಸ್ತರಿನಲ್ಲೋ ಪೋರ್ಟ್ ಬ್ಲೇರಿನಲ್ಲೋ ಪಹಲ್ಗಾಮಿನಲ್ಲೋ ಚಾಂದನಿ ಚೌಕದಲ್ಲೋ ಯಾವುದೋ ಆರೋಪಕ್ಕೆ ಸಿಕ್ಕಿಬಿದ್ದರೆ ಅವನು ಏನು ಮಾಡಬೇಕು? ಅಲ್ಲಿ ಜಾಗ ಇರುವ ಯಾರು ಅವನಿಗೆ ಗೊತ್ತಿರುತ್ತಾರೆ? ಊರು ಬಿಟ್ಟು ಕೂಲಿಗೆ ಹೋದವನಿಗೆ ಆ ಊರಿನ ಜಾಮೀನುದಾರ ಎಲ್ಲಿಂದ ಬರಬೇಕು? ದೇಶವನ್ನು ಒಡೆಯುವುದಕ್ಕೆ ಕೋರ್ಟುಗಳ ಈ ಜಿಲ್ಲೆ-ಜಿಲ್ಲೆ ಎಂಬ ಅಲರ್ಜಿಯೇ ಸಾಕು ಎಂಬ ಅರ್ಥದಲ್ಲಿ ಬರೆದರು.

ನಿಮ್ಮ ತಂದೆ ಎರಡು ಗೆರೆ ಎಳೆದದ್ದು ಇದಕ್ಕೆ. ದೇಶದ ದೊಡ್ಡ ಕೋರ್ಟಿನ ತೀರ್ಪಿನೊಳಗೆ "ಕನ್ನಡಿಗ" ಎಂಬ ಶಬ್ದ ಉಂಟು.

ಅದೇ ತೀರ್ಪಿನಲ್ಲಿ ಇನ್ನೊಂದು ಭಾಗವೂ ಉಂಟು, ಕಾಸರಗೋಡಿನವರು ಓದಲೇಬೇಕಾದ್ದು. ಸಂವಿಧಾನದ 350ನೇ ವಿಧಿ ದೇಶದ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕು ಕೊಟ್ಟಿದೆ, ಕೋರ್ಟೂ ಅದರಲ್ಲಿ ಸೇರಿದೆ ಎಂದರು. ಒಂದು ರಾಜ್ಯದ ಭಾಷೆಯಲ್ಲಿ ಸರಿಯಾಗಿ ಬರೆದ ವಕಾಲತ್ತನ್ನು, ಬೇರೆ ಕಾನೂನು ಅಡ್ಡ ಇಲ್ಲದಿದ್ದರೆ, ಎಲ್ಲ ಕಡೆಯೂ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಆದಿವಾಸಿಗೂ ಅಲ್ಪಸಂಖ್ಯಾತರಿಗೂ ಸ್ವತಂತ್ರ ದೇಶದಲ್ಲಿ ಸ್ವಾತಂತ್ರ್ಯ ಇಲ್ಲ ಎಂದ ಹಾಗೆ ಎಂದರು. ಗಡಿಯ ಮೇಲೆ ಕೂತು ದಿನವೂ ಎರಡು ಮೂರು ಭಾಷೆಯ ಕಾಗದ ನೋಡುತ್ತಿದ್ದ ಗುಮಾಸ್ತರಿಗೆ ಈ ಮಾತು ಹೇಗೆ ಕೇಳಿರಬಹುದು, ಯೋಚಿಸಿ.

ರಸೀದಿಯ ವಿಷಯ. ಜಾಮೀನು ನಿಂತವರ ದಾಖಲೆಯ ಬೆನ್ನಿಗೆ ಮೊಹರು ಒತ್ತಿ ಕೇಸು ನಂಬರು ಬರೆಯುವ ರೂಢಿ ಕೋರ್ಟುಗಳಲ್ಲಿ ಉಂಟು. ಒಂದೇ ಕಾಗದ ತೋರಿಸಿ ಹತ್ತು ಜನರಿಗೆ ಜಾಮೀನು ನಿಲ್ಲಬಾರದು ಎಂದು. ಹಾಗಾಗಿ ನನ್ನ ಊಹೆ: ನಿಮ್ಮ ತಂದೆ ನಿಮ್ಮ ಜಾಗವನ್ನೇ ಇಟ್ಟು ಯಾರಿಗೋ ಗಡಿಯಾಚೆ ಜಾಮೀನು ನಿಂತಿದ್ದಾರೆ. ಬೇರೆ ರಾಜ್ಯದ ರಸೀದಿಯನ್ನು ಆ ಕೋರ್ಟು ಒಪ್ಪಿದೆ. ಒಪ್ಪಿಸಿದ್ದು ಮೋತಿ ರಾಮ್ ತೀರ್ಪೇ ಇರಬೇಕು. ತಾಯಿಯವರನ್ನು ಇನ್ನೊಮ್ಮೆ ಕೇಳಿ. ಕೋರ್ಟು ಎಂದು ಕೇಳಬೇಡಿ, ಆ ವರ್ಷ ಊರಿನಿಂದ ಕೆಲಸಕ್ಕೆ ಹೋಗಿ ಸಿಕ್ಕಿಬಿದ್ದವರು ಯಾರು ಎಂದು ಕೇಳಿ.

ಇದು ಹಳೆ ಕಾಲದ ಮಾತು ಎಂದು ಯಾರೂ ಅಂದುಕೊಳ್ಳಬಾರದು. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಜಾಮೀನು ಸಿಕ್ಕಿಯೂ ಬಿಡುಗಡೆಯಾಗದವರ ಬಗ್ಗೆ ಕೊಟ್ಟ ನಿರ್ದೇಶನಗಳಲ್ಲಿ, ಸ್ಥಳೀಯ ಜಾಮೀನುದಾರರೇ ಬೇಕು ಎಂಬ ಹಟವೂ ಬಿಡುಗಡೆ ತಡವಾಗಲು ಒಂದು ಕಾರಣ, ಅಂಥ ಕಡೆ ಆ ಷರತ್ತು ಹಾಕಬೇಡಿ ಎಂದು ಮತ್ತೆ ಹೇಳಬೇಕಾಯಿತು. 44 ವರ್ಷದ ಮೇಲೆ. ಇವತ್ತಿಗೂ ತಲಪಾಡಿಯ ಗಡಿ ದಾಟಿ ಹೋದ ನಮ್ಮ ಹುಡುಗರಿಗೆ ಏನಾದರೂ ಆದರೆ ಮನೆಯವರು ಮೊದಲು ಕೇಳುವ ಪ್ರಶ್ನೆ, "ಅಲ್ಲಿ ಜಾಗ ಇರುವವರು ಯಾರಿದ್ದಾರೆ ಸಾರ್?" ಆಗ ನಾನು ತೆಗೆದುಕೊಂಡು ಹೋಗುವುದು ಈ ಎರಡು ಕಾಗದ.

ಪೈವಳಿಕೆ ಕೃಷಿಕ

ತಂಗಿ, ಇನ್ನೊಂದು ಕಾರಣವೂ ಇರಬಹುದು, ನನ್ನ ಅಜ್ಜನ ಕತೆಯಿಂದ ಹೇಳುತ್ತೇನೆ.

ನಮ್ಮದು ಚಾಲಗೇಣಿ. ವರ್ಷ ವರ್ಷ ಗೇಣಿ ಅಳೆಯಬೇಕು, ಧಣಿಗಳು ಎದ್ದು ಹೋಗು ಎಂದರೆ ಹೋಗಬೇಕು. ಕೇರಳಕ್ಕೆ ಸೇರಿದ ಮೇಲೆ ಕಾನೂನು ಬರುತ್ತದಂತೆ ಎಂಬ ಸುದ್ದಿ ಹಬ್ಬಿ, ಬರುವ ಮೊದಲೇ ಒಕ್ಕಲೆಬ್ಬಿಸುವ ಆತುರ ಎಲ್ಲ ಕಡೆ ಇತ್ತಂತೆ. 1957ರ ಏಪ್ರಿಲ್ 5ಕ್ಕೆ ಸರ್ಕಾರ ಬಂತು, ಏಪ್ರಿಲ್ 11ಕ್ಕೆ ಒಕ್ಕಲೆಬ್ಬಿಸುವುದನ್ನು ತಡೆಯುವ ಸುಗ್ರೀವಾಜ್ಞೆ ಬಂತು. ಒಂದು ವಾರವೂ ಇಲ್ಲ. ಕಾನೂನು ಮಂತ್ರಿ ಇವರೇ, ಕೃಷ್ಣ ಅಯ್ಯರ್. ಅಜ್ಜ ಆ ವರ್ಷ ಏಣಿಲಿನ (ಮಳೆಗಾಲದ ಬೆಳೆಯ) ನೇಜಿ ಅದೇ ಗದ್ದೆಯಲ್ಲಿ ನೆಟ್ಟರು.

ಎಂತ ಹೇಳುವುದು, ಅಜ್ಜನೂ ಕನ್ನಡದವರೇ. ಕಾಸರಗೋಡು ಕನ್ನಡ ನಾಡು ಎಂದು ಮೆರವಣಿಗೆ ಹೋದವರೇ. ಆದರೂ ಗದ್ದೆ ಉಳಿದದ್ದು ಆ ಸರ್ಕಾರದಿಂದ. ಎರಡೂ ಒಟ್ಟಿಗೆ ಮನಸ್ಸಿನಲ್ಲಿ ಇತ್ತು ಅವರಿಗೆ. ನಿಮ್ಮ ಅಪ್ಪ ಗೇಣಿ ಕಾಗದ ಓದುತ್ತಿದ್ದವರಲ್ಲವಾ, ಅವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಮಂಜೇಶ್ವರದ ಓದುಗ

ಅಗಲಿದವರ ಮೇಲೆ ನನಗೂ ಗೌರವ ಇದೆ. ಆದರೆ ಒಂದು ಮಾತು ಹೇಳದೆ ಇರಲಾರೆ.

1973ರ ಏಪ್ರಿಲಿನಲ್ಲಿ ನಮ್ಮ ಕರಾವಳಿಯ ಕೌಡೂರಿನ ಕೆ. ಎಸ್. ಹೆಗ್ಡೆಯವರೂ ಶೆಲಟ್, ಗ್ರೋವರ್ ಅವರೂ ಸುಪ್ರೀಂ ಕೋರ್ಟಿಗೆ ರಾಜೀನಾಮೆ ಕೊಟ್ಟು ಬಂದರು. ಮೂವರನ್ನೂ ದಾಟಿಸಿ ಕಿರಿಯರಾದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ್ದಕ್ಕೆ. ಕೃಷ್ಣ ಅಯ್ಯರ್ ಆ ಕೋರ್ಟಿಗೆ ಬಂದದ್ದು ಅದೇ ವರ್ಷ ಜುಲೈಯಲ್ಲಿ. ಎರಡು ವರ್ಷದ ಮೇಲೆ, 1975ರ ಜೂನ್ 24ಕ್ಕೆ, ತನ್ನ ಚುನಾವಣೆ ಅಸಿಂಧು ಎಂದ ಅಲಹಾಬಾದ್ ಹೈಕೋರ್ಟಿನ ತೀರ್ಪಿಗೆ ಇಂದಿರಾ ಗಾಂಧಿ ತಡೆ ಕೇಳಿದಾಗ ರಜೆಯ ಜಡ್ಜಾಗಿ ಕೂತು ತಡೆ ಕೊಟ್ಟವರು ಇವರು. ಮರುದಿನ ರಾತ್ರಿ ತುರ್ತು ಪರಿಸ್ಥಿತಿ. ನನ್ನ ಮಾವ ಆಗ ಜೈಲಿಗೆ ಹೋದವರು. ನಮ್ಮ ಮನೆಯಲ್ಲಿ ಈ ಹೆಸರು ಬೇರೆ ರೀತಿ ಕೇಳುತ್ತದೆ.

ವಿದ್ಯಾನಗರ ವಕೀಲ

ಓದುಗರೇ, ನಿಮ್ಮ ಮಾವನವರ ನೋವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಆದೇಶವನ್ನು ಪೂರ್ತಿ ಓದಬೇಕು. ಇಂದಿರಾ ಗಾಂಧಿ ಕೇಳಿದ್ದು ಪೂರ್ತಿ ತಡೆ, ಸಿಕ್ಕಿದ್ದು ಷರತ್ತಿನ ತಡೆ. ಪ್ರಧಾನಿಯಾಗಿ ಸದನಕ್ಕೆ ಬರಬಹುದು, ಸಂಸದೆಯಾಗಿ ಮತ ಹಾಕುವಂತಿಲ್ಲ, ಸಂಸದರ ಸಂಬಳ ತೆಗೆದುಕೊಳ್ಳುವಂತಿಲ್ಲ. ಅದರ ಮರುದಿನ ಸರ್ಕಾರ ಮಾಡಿದ್ದು ಸರ್ಕಾರದ ಕೆಲಸ. ಹೆಗ್ಡೆಯವರ ವಿಷಯದಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ, ಅದು ದೊಡ್ಡ ಅನ್ಯಾಯ.

ನಾನು ಅವರನ್ನು ಅಳೆಯುವುದು ಜೈಲಿನವರು ಅವರನ್ನು ಅಳೆದ ಹಾಗೆ. ತಿಹಾರ್ ಜೈಲಿನಿಂದ ಸುನಿಲ್ ಬಾತ್ರಾ ಎಂಬ ಕೈದಿ ಬರೆದ ಒಂದು ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡರು. ಅವನು ಬರೆದದ್ದು ತನಗಾಗಿ ಅಲ್ಲ, ವಾರ್ಡರನಿಂದ ಹಿಂಸೆ ಅನುಭವಿಸಿದ ಇನ್ನೊಬ್ಬ ಕೈದಿಗಾಗಿ. ವಕೀಲರಿಲ್ಲ, ಸ್ಟಾಂಪಿಲ್ಲ, ಒಂದು ಪತ್ರ.

ಗುಮಾಸ್ತರ ಮಗಳು, ಬದಿಯಡ್ಕ

ಎಲ್ಲರಿಗೂ ಕೈ ಮುಗಿಯುತ್ತೇನೆ. ವಕೀಲರೇ, ನೀವು ಹೇಳಿದ ಹಾಗೆ ಕೇಳಿದೆ. ಅಮ್ಮ ಅಡಿಕೆ ಸುಲಿಯುತ್ತಿದ್ದರು. "ಆ ವರ್ಷ ಕೆಲಸಕ್ಕೆ ಹೋಗಿ ಜೈಲಿಗೆ ಬಿದ್ದವರು ಯಾರಾದರೂ ಇದ್ದರಾ?" ಎಂದೆ. ಅಮ್ಮನ ಕೈ ನಿಂತಿತು.

ಇದ್ದ. ನಮ್ಮ ಮನೆಯ ಕೆಳಗಿನ ಗುಡ್ಡದವ, ಕಲ್ಲು ಕಟ್ಟುವ ಮೇಸ್ತ್ರಿ. ಮೋತಿ ರಾಮನೂ ಗಾರೆಯವನೇ ಎಂದು ನೀವು ಬರೆದದ್ದು ನೆನಪಾಗಿ ನನಗೆ ಮೈ ಜುಮ್ಮೆಂದಿತು. ಘಟ್ಟದ ಮೇಲೆ ಒಂದು ತೋಟದ ಬಂಗಲೆಗೆ ಗೋಡೆ ಕಟ್ಟಲು ಹೋಗಿದ್ದನಂತೆ. ಅಲ್ಲಿ ಏನೋ ಕಳವಾಯಿತು, ಹೊರಗಿನವ ಎಂದು ಇವನನ್ನು ಹಿಡಿದರು. ಜಾಮೀನು ಸಿಕ್ಕಿತು, ಆದರೆ ಆ ಜಿಲ್ಲೆಯಲ್ಲೇ ಜಾಗ ಇರುವವರು ಬೇಕೆಂದರು. ಅವನ ಹೆಂಡತಿ ಎರಡು ತಿಂಗಳು ನಮ್ಮ ಜಗಲಿಗೆ ಬಂದು ಕೂರುತ್ತಿದ್ದಳಂತೆ. ಮಾತಿಲ್ಲ, ಸುಮ್ಮನೆ ಕೂರುವುದು. ಅಮ್ಮ ಮದುವೆಯಾಗಿ ಬಂದು ಒಂದು ವರ್ಷ ಆಗಿತ್ತಷ್ಟೆ.

"ಒಂದು ದಿನ ನಿನ್ನ ಅಪ್ಪ ಆಫೀಸಿನಿಂದ ದಪ್ಪ ಪುಸ್ತಕ ತಂದರು. ಮೂರು ರಾತ್ರಿ ಚಿಮಿಣಿ ದೀಪದ ಎದುರು ಕೂತು ಅದನ್ನು ನೋಡಿ ಬರೆದರು. ಎಣ್ಣೆ ಮುಗಿಯಿತು ಎಂದು ನಾನು ಜಗಳ ಮಾಡಿದೆ, ರೇಶನ್ನು ಬರಲು ಇನ್ನೂ ದಿನ ಇತ್ತು. ಆಮೇಲೆ ಪೆಟ್ಟಿಗೆಯಿಂದ ತೀರ್ವೆ ರಸೀದಿ ತೆಗೆದುಕೊಂಡು ಮಂಗಳೂರಿನ ಬಸ್ಸು ಹತ್ತಿದರು. ಎಲ್ಲಿಗೆ ಎಂದು ಕೇಳಿದ್ದಕ್ಕೆ ಆಫೀಸಿನ ಕೆಲಸ ಎಂದರು. ಮೂರನೆಯ ದಿನ ಇಬ್ಬರೂ ಒಟ್ಟಿಗೆ ಗುಡ್ಡ ಹತ್ತಿ ಬಂದರು. ಅವನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಿನ್ನ ಅಪ್ಪನ ಕಾಲಲ್ಲೂ ಇರಲಿಲ್ಲ, ಯಾಕೆಂದು ನಾನು ಕೇಳಲಿಲ್ಲ."

ನಮಗಿದ್ದದ್ದು ಆ 22 ಸೆಂಟೇ. ಅದರ ಮೇಲೆ ಮನೆ. ಅವನು ಓಡಿಹೋಗಿದ್ದರೆ ಏನಾಗುತ್ತಿತ್ತು ಎಂದು ಅಮ್ಮನಿಗೆ ಇವತ್ತು ಹೊಳೆಯಿತು. ಆದರೆ ಅವನು ವಾಯಿದೆಗೆ ಒಂದು ಸಲವೂ ತಪ್ಪಲಿಲ್ಲ. ಬಸ್ಸಿನ ದುಡ್ಡಿಗೆ ಕೋಳಿ ಮಾರಿ ಹೋದದ್ದುಂಟಂತೆ. ಆಮೇಲೆ ಕೇಸೂ ಬಿದ್ದುಹೋಯಿತು. ಅವನೂ ಅವನ ಹೆಂಡತಿಯೂ ಈಗ ಇಲ್ಲ.

ಓದುಗರೇ, ನಿಮ್ಮ ಮನೆಯ ನೋವು ನಿಮ್ಮದು, ಅದನ್ನು ಬದಲಿಸಬೇಕು ಎಂದು ನನಗಿಲ್ಲ. ಪೈವಳಿಕೆ ಅಣ್ಣ ಹೇಳಿದ "ಎರಡೂ ಒಟ್ಟಿಗೆ" ಎಂಬ ಮಾತು ನನ್ನ ಅಪ್ಪನಿಗೂ ಸರಿಯಾಗಿ ಕೂರುತ್ತದೆ. ಕೊನೆಯವರೆಗೂ ನವೆಂಬರ್ 1 ಬಂದರೆ ಅಪ್ಪ ಮುಖ ಸಣ್ಣ ಮಾಡುತ್ತಿದ್ದರು. ಡಿಸೆಂಬರ್ 4ರ ರಾತ್ರಿ ತಲೆಗೆ ನೀರು ಹೊಯ್ದುಕೊಂಡರು.

ಎದ್ದು ಹೋಗುವಾಗ ಅಮ್ಮ ಇನ್ನೊಂದು ಹೇಳಿದರು. ಮೇಸ್ತ್ರಿ ಬಿಡುಗಡೆಯಾಗಿ ಬಂದ ವರ್ಷ ಬೇಸಿಗೆಯಲ್ಲಿ ಹದಿನೈದು ದಿನ ನಮ್ಮಲ್ಲಿ ಕೆಲಸ ಮಾಡಿದ. ಕೂಲಿ ಬೇಡ ಎಂದ, ಗಂಜಿ ಮಾತ್ರ ಕುಡಿದ. ಈಗಲೂ ಇರುವ ಬಾವಿಕಟ್ಟೆ ಅವನು ಕಟ್ಟಿದ್ದು.

ವಕೀಲರೇ, "ಕನ್ನಡಿಗ" ಎಂದು ಬರೆದ ಪುಟ ಎಲ್ಲಿ ಸಿಗುತ್ತದೆ? ಅಮ್ಮನಿಗೆ ಓದಿ ಹೇಳಬೇಕು.

ವಿದ್ಯಾನಗರ ವಕೀಲ

ಶನಿವಾರ ಮಧ್ಯಾಹ್ನದ ಮೇಲೆ ಆಫೀಸಿಗೆ ಬನ್ನಿ ಅಕ್ಕ, ಪ್ರತಿ ತೆಗೆದಿಟ್ಟಿರುತ್ತೇನೆ. ಅವರ ಇಂಗ್ಲಿಷು ಬಹಳ ಗಟ್ಟಿ, ಕೂತು ಸಾಲು ಸಾಲಾಗಿ ಕನ್ನಡ ಮಾಡುವ. ತಾಯಿಯವರನ್ನೂ ಕರೆದುಕೊಂಡು ಬನ್ನಿ, ಮೆಟ್ಟಿಲಿಲ್ಲ. ಅಪ್ಪ ಕೈಯಲ್ಲಿ ಬರೆದ ನಕಲು ಪೆಟ್ಟಿಗೆಯಲ್ಲಿ ಎಲ್ಲಾದರೂ ಉಂಟಾ ಎಂದು ಇನ್ನೊಮ್ಮೆ ನೋಡಿ.